ವಿಡಿಯೊ ಆರಿಸುವುದು ಯಾರ ಹೊಣೆ?

ಪ್ರಶ್ನೆ: ನಾನು ಪದವಿ ಕಾಲೇಜೊಂದರ ಗ್ರಂಥಪಾಲಕಿ. ಪುಸ್ತಕದ ಪಟ್ಟಿಯನ್ನು ಅಧ್ಯಾಪಕರೇ ಕೊಡುತ್ತಾರೆ. ಸಾಕ್ಷ್ಯಚಿತ್ರ, ಡಿವಿಡಿ, ಆನ್‌ಲೈನ್ ವಿಡಿಯೊ ಅಂದರೆ ಮಾತ್ರ ‘ನೀವೇ ನೋಡಿ ತರಿಸಿ’ ಅನ್ನುತ್ತಾರೆ. ತರಿಸಿದ ಮೇಲೆ ‘ಇದು ನಮ್ಮ ಸಿಲಬಸ್‌ಗೆ ಆಗಲ್ಲ’ ಎಂಬ ತಕರಾರು. ಆಯ್ಕೆಯ ಹೊಣೆ ಯಾರದು?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಇಬ್ಬರದೂ ಹೌದು ಮೇಡಂ. ಆದರೆ ಯಾರ ಪಾಲು ಎಷ್ಟು ಎಂದು ಮೊದಲೇ ಬರೆದಿಡದಿದ್ದರೆ ಬೈಗುಳವೆಲ್ಲ ಗ್ರಂಥಪಾಲಕರ ತಲೆಗೇ ಬರುತ್ತದೆ. ವಿಷಯ ಸರಿಯಿದೆಯೇ, ತರಗತಿಗೆ ಒಗ್ಗುತ್ತದೆಯೇ ಎಂದು ಹೇಳಬೇಕಾದವರು ಪಾಠ ಮಾಡುವವರು. ಪರವಾನಗಿ ಎಂಥದ್ದು, ಒಟ್ಟಿಗೆ ಎಷ್ಟು ಜನ ನೋಡಬಹುದು, ಚಂದಾ ನಿಲ್ಲಿಸಿದರೆ ಕೈಯಲ್ಲಿ ಏನು ಉಳಿಯುತ್ತದೆ ಎಂದು ನೋಡುವುದು ನಿಮ್ಮ ಕೆಲಸ.

ಮಡಿಕೇರಿಯಲ್ಲಿ ಇದೇ ಕೆಲಸ ಮಾಡಿ ನಿವೃತ್ತನಾದವನು ನಾನು. ನಮ್ಮಲ್ಲಿ ಬೇಡಿಕೆ ಚೀಟಿಯಲ್ಲಿ ಮೂರು ಪ್ರಶ್ನೆ ಇರುತ್ತಿದ್ದವು: ಯಾವ ವಿಷಯದ ಪತ್ರಿಕೆಗೆ? ಯಾವ ಸೆಮಿಸ್ಟರಿಗೆ? ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ ತೋರಿಸುತ್ತೀರಿ? ಮೂರನೆಯದಕ್ಕೆ ಉತ್ತರ ಬರೆಯಬೇಕಾದರೆ ಅಧ್ಯಾಪಕರು ಕೂತು ನೋಡಲೇಬೇಕು. ನೋಡಿ ಸಹಿ ಹಾಕಿದವರು ಆಮೇಲೆ ‘ಆಗಲ್ಲ’ ಅನ್ನುವುದು ಕಷ್ಟ. ಚೀಟಿಯೇ ಬಾರದ ವಿಭಾಗಕ್ಕೆ ನೀವಾಗಿಯೇ ಎರಡು ಮೂರು ಹೆಸರು ಸೂಚಿಸಿ, ಸುಮ್ಮನೆ ಕಾಯಬೇಡಿ.

ನಮ್ಮ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಡಿಸ್ಕಿನ ಮೇಲೂ ಬೂಷ್ಟು ಬರುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇರುವುದಿಲ್ಲ. ಆನ್‌ಲೈನ್ ಅಂದರೆ, ಮರ ಬಿದ್ದು ಲೈನ್ ಹೋದ ದಿನ ಪಾಠವೇ ನಿಂತುಹೋಗುತ್ತದೆ. ಕಾಲೇಜಿನ ಕಂಪ್ಯೂಟರಿನಲ್ಲಿ ಇಳಿಸಿಟ್ಟುಕೊಳ್ಳಲು ಒಪ್ಪಿಗೆ ಇದೆಯೇ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ. ಇದನ್ನು ಯಾವ ಅಧ್ಯಾಪಕರೂ ಕೇಳುವುದಿಲ್ಲ.

ಕಾನೂನಿನ ವಿಚಾರ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು ಮತ್ತು ಸಿಬ್ಬಂದಿಗೆ ಚಲನಚಿತ್ರ ತೋರಿಸಲು ಅವಕಾಶ ಕೊಡುತ್ತದೆ. ಹಾಗೆಂದು ಯಾರದೋ ಮನೆಯ ಓಟಿಟಿ ಖಾತೆಯನ್ನು ಗ್ರಂಥಾಲಯದ ಸಂಗ್ರಹ ಎಂದು ಲೆಕ್ಕ ಹಿಡಿಯಬೇಡಿ; ಆ ಒಪ್ಪಂದದ ಷರತ್ತೇ ಬೇರೆ. ಕೇಂದ್ರ ಸರ್ಕಾರದ ಶೈಕ್ಷಣಿಕ ಟಿವಿ ವಾಹಿನಿಗಳಾದ ‘ಸ್ವಯಂ ಪ್ರಭಾ’ದ ಪಾಠಗಳು ಉಚಿತ. ಅಲ್ಲಿ ಸಿಗುವುದಕ್ಕೆ ದುಡ್ಡು ಸುರಿಯಬೇಡಿ.

ಕೆಲವು ಆಯ್ಕೆ ಕಾಲೇಜಿನ ಗೋಡೆಯೊಳಗೆ ಮುಗಿಯುವುದಿಲ್ಲ. ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿಯುತ್ತ ನಾಲ್ವರು ಹಾಡುವ ಕೊಡವ ಜನಪದ ಹಾಡು ಬಾಳೋಪಾಟ್‌ನ ಧ್ವನಿಮುದ್ರಿಕೆ ತರಿಸುವುದಾದರೆ, ಯಾವುದು ಪೂರ್ತಿ ಇದೆ, ಯಾವುದರಲ್ಲಿ ಸಾಲು ಹಾರಿಸಿದ್ದಾರೆ ಎಂದು ಹೇಳಬಲ್ಲವರು ಸುಗ್ಗಿ ಹಬ್ಬ ಹುತ್ತರಿಗೆ ಹಾಡುವ ಹಿರಿಯರು. ಯರವ, ಜೇನುಕುರುಬ ಬುಡಕಟ್ಟಿನವರ ಹಾಡಿಗಳ (ಊರುಗಳ) ಹಾಡುಗಳಿಗೂ ಇದೇ ಮಾತು. ಅವರನ್ನು ಗ್ರಂಥಾಲಯಕ್ಕೆ ಕರೆದು ಕೂರಿಸಿ ಕೇಳಿಸಿ. ಅವರ ಅಭಿಪ್ರಾಯವನ್ನು ಅದೇ ಚೀಟಿಯಲ್ಲಿ ಹೆಸರು ಸಮೇತ ಬರೆದುಕೊಳ್ಳಿ.

ಮುಂದಿನ ಸಲಹಾ ಸಮಿತಿ ಸಭೆಗೆ ಚೀಟಿಯ ನಮೂನೆಯನ್ನು ತೆಗೆದುಕೊಂಡು ಹೋಗಿ, ಪ್ರಾಂಶುಪಾಲರ ಸಹಿಯೊಂದಿಗೆ ನಡಾವಳಿಯಲ್ಲಿ ಸೇರಿಸಿಬಿಡಿ.