ನೂನನ್ ಸಿಂಡ್ರೋಮ್ ಇರುವ ಮಗನಿಗೆ ಟಾನ್ಸಿಲ್ ಆಪರೇಷನ್: ಬಿಟಿ, ಸಿಟಿ ನಾರ್ಮಲ್ ಬಂದಿದೆ. ಮಾಡಿಸಲಾ, ಮುಂದೂಡಲಾ?

ರಕ್ತ ಎಷ್ಟು ಹೊತ್ತಿಗೆ ನಿಲ್ಲುತ್ತೆ, ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತೆ ಅಂತ ನೋಡುವ ಅದೇ ಬಿಟಿ, ಸಿಟಿ ಟೆಸ್ಟಿನ ಚೀಟಿ ಹಿಡಿದುಕೊಂಡು ನಾನೂ ನೆಮ್ಮದಿಯಾಗಿ ಕೂತಿದ್ದೆ ಮೇಡಂ.

ಮಗನಿಗೆ ಆಗ ಆರು ವರ್ಷ. ನೂನನ್ ಹುಟ್ಟಿನಿಂದಲೇ ಇರುವ ಜೀನ್ ತೊಂದರೆ, ಆದರೆ ಅದು ಅಂದ್ರೆ ಹಾರ್ಟಿನ ತೊಂದರೆ ಅಂತಲೇ ನಮ್ಮ ತಲೆಯಲ್ಲಿತ್ತು. ಶ್ವಾಸಕೋಶಕ್ಕೆ ರಕ್ತ ಬಿಡುವ ವಾಲ್ವ್ ಕಿರಿದಾಗಿತ್ತು, ವರ್ಷಕ್ಕೊಮ್ಮೆ ಎಕೋ ಮಾಡಿಸುತ್ತಿದ್ದೆವು. (ಹೆಸರು ಬಂದಿದ್ದೇ ಜಾಕ್ವೆಲಿನ್ ನೂನನ್ ಎಂಬ ಅಮೆರಿಕದ ಮಕ್ಕಳ ಹೃದ್ರೋಗ ತಜ್ಞೆಯಿಂದ, ಬಿಡಿ.)

ಆಪರೇಷನ್ ಹಿಂದಿನ ದಿನ ಅನಸ್ತೇಷಿಯಾ ಡಾಕ್ಟರ್ ಕೇಳಿದರು, "ರಕ್ತ ನಿಲ್ಲದ ತೊಂದರೆ ಏನಾದ್ರೂ ಇದೆಯಾ?" "ಇಲ್ಲ ಡಾಕ್ಟ್ರೇ" ಅಂದುಬಿಟ್ಟೆ.

ಬೇಕಂತ ಸುಳ್ಳು ಹೇಳಲಿಲ್ಲ. ಬೇಸಿಗೆಯಲ್ಲಿ ಅವನ ಮೂಗಿಂದ ರಕ್ತ ಬರುತ್ತಿತ್ತು. ಉಷ್ಣ ಅಂತ ಅಜ್ಜಿ ಕೊತ್ತಂಬರಿ ಬೀಜದ ನೀರು ಕುಡಿಸುತ್ತಿದ್ದರು. ಕಾಲ ಮೇಲೆ ಯಾವಾಗಲೂ ನೀಲಿ ಕಲೆ. ತುಂಟ, ಬೀಳ್ತಾನೆ ಅಂದುಕೊಂಡೆವು. ಹಾಲುಹಲ್ಲು ಬಿದ್ದ ಮರುದಿನವೂ ದಿಂಬಿನ ಮೇಲೆ ಕೆಂಪು. ನಾಲಿಗೆ ತಾಗಿಸಿಕೊಂಡಿರಬೇಕು ಅಂದೆ. ಒಂದೊಂದಕ್ಕೂ ಒಂದೊಂದು ಕಾರಣ ರೆಡಿ ಇತ್ತು, ಮೂರನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ. ಸಾಲದ್ದಕ್ಕೆ ಜೀನ್ ರಿಪೋರ್ಟನ್ನು ಬೀರುವಿನಲ್ಲೇ ಬಿಟ್ಟು ಹೋಗಿದ್ದೆ. ಟಾನ್ಸಿಲ್‌ಗೆ ಅದ್ಯಾಕೆ, ಎಕೋ ಸಾಕು ಅಂತ. ಆ ಡಾಕ್ಟರ್ ಕೈಗೆ ಅದು ಸಿಕ್ಕಿದ್ದರೆ ಇನ್ನೆರಡು ಪ್ರಶ್ನೆ ಕೇಳುತ್ತಿದ್ದರೋ ಏನೋ.

ಆಪರೇಷನ್ ಆಗಿ ಆರನೇ ರಾತ್ರಿ. ನಿದ್ದೆಯಲ್ಲೇ ಗುಳುಕ್ ಗುಳುಕ್ ಅಂತ ನುಂಗುತ್ತಲೇ ಇದ್ದ. ಗಂಟಲು ನೋವಿಗೆ ಅಂದುಕೊಂಡೆ. ಎರಡು ಗಂಟೆಗೆ ಎದ್ದು ಕೂತು ಕಾಫಿ ಚರಟದಂಥ ವಾಂತಿ, ಹಿಂದೆಯೇ ಹಸಿ ರಕ್ತ. ಅಷ್ಟು ಹೊತ್ತೂ ನುಂಗುತ್ತಿದ್ದದ್ದು ಅದನ್ನೇ.

ಮತ್ತೆ ಥಿಯೇಟರ್, ಪ್ಲಾಸ್ಮಾ, ರಕ್ತ ನಿಲ್ಲಿಸಲು ಟ್ರಾನೆಕ್ಸಾಮಿಕ್ ಆಸಿಡ್ ಅನ್ನೋ ಔಷಧಿ. ಆಮೇಲೆ ಗೊತ್ತಾಯಿತು, ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 11 ಅನ್ನೋ ಪ್ರೋಟೀನ್ ಕಡಿಮೆ. ನೂನನ್ ಇರುವವರಲ್ಲಿ ಇದು ಅಪರೂಪವೇನಲ್ಲವಂತೆ. ಕೆಲವರಿಗೆ ಪ್ಲೇಟ್‌ಲೆಟ್ ಎಣಿಕೆ ಸರಿ ಇದ್ದರೂ ಅವು ಸರಿಯಾಗಿ ಕೆಲಸ ಮಾಡಲ್ಲ. ಬೆರಳು ಚುಚ್ಚಿ ಗಡಿಯಾರ ನೋಡುವ ಟೆಸ್ಟಲ್ಲಿ ಇದೆಲ್ಲ ತಪ್ಪಿಸಿಕೊಳ್ಳಬಹುದು.

ಮಾಡಿಸಲಾ, ಮುಂದೂಡಲಾ ಅನ್ನೋದು ಈಗ ಕೇಳುವ ಪ್ರಶ್ನೆಯೇ ಅಲ್ಲ. ಹೆಮಟಾಲಜಿಸ್ಟ್, ಅಂದ್ರೆ ರಕ್ತದ ಕಾಯಿಲೆಗಳ ಡಾಕ್ಟರ್, ನೋಡುವವರೆಗೆ ಡೇಟ್ ಒಪ್ಪಿಕೊಳ್ಳಬೇಡಿ, ಅಷ್ಟೇ. ಹೆಪ್ಪುಗಟ್ಟುವಿಕೆ ನೋಡುವ ಪಿಟಿ, ಎಪಿಟಿಟಿ ಟೆಸ್ಟ್‌ಗಳು, ಫ್ಯಾಕ್ಟರ್ ಮಟ್ಟ, ಪ್ಲೇಟ್‌ಲೆಟ್ ಕೆಲಸದ ಟೆಸ್ಟ್, ಯಾವುದು ಬೇಕೋ ಅವರು ಹೇಳುತ್ತಾರೆ. ಆಸ್ಪಿರಿನ್, ಐಬುಪ್ರೊಫೆನ್ ಅವರನ್ನು ಕೇಳದೆ ಕೊಡಬೇಡಿ. ಮೂಗು, ಹಲ್ಲು, ನೀಲಿ ಕಲೆ, ಎಲ್ಲ ಬರೆದುಕೊಂಡು ಹೋಗಿ. ಸಣ್ಣದು ಅನ್ನಿಸಿದ್ದನ್ನೂ.

ಹೋದ ವರ್ಷ ಅವನಿಗೊಂದು ಹಲ್ಲು ಕೀಳಿಸಬೇಕಿತ್ತು. ಪೂರ್ತಿ ಫೈಲ್ ಟೇಬಲ್ ಮೇಲಿಟ್ಟೆ. "ಒಂದು ಹಲ್ಲಿಗೆ ಇಷ್ಟೆಲ್ಲಾ ಯಾಕೆ ಸರ್?" ಅಂತ ಹಲ್ಲಿನ ಡಾಕ್ಟರ್ ನಕ್ಕರು. ಮೊದಲ ಹಾಳೆ ಓದಿ ಅಂದೆ. ಓದಿದವರು ಅವತ್ತು ಹಲ್ಲು ಕೀಳಲಿಲ್ಲ, ಹೆಮಟಾಲಜಿಸ್ಟ್ ನಂಬರ್ ಕೇಳಿದರು.