ದಿಲ್ಲಿ ಗಾಳಿ, ಗದಗಿನ ಗಾಳಿ

ಪ್ರಶ್ನೆ: ನನ್ನ ಮಗಾ ದಿಲ್ಲ್ಯಾಗ ನೌಕರಿಗೆ ಅದಾನ್ರಿ, ಮಧ್ಯಾಹ್ನ ಹೊರಗ ಬಿದ್ರ ಒಲಿ ಮುಂದ ನಿಂತಂಗ ಗಾಳಿ ಬಡೀತೈತಿ ಅಂತಾನ. ಗಾಳಿ ನಮ್ಮ ಗದಗಿನ್ಯಾಗೂ ಬೀಸ್ತೈತಿ, ಹಿಂಗ ಸುಡಂಗಿಲ್ಲಲ್ಲ?
— ಒಬ್ಬ ತಾಯಿ, ಗದಗ

ಉತ್ತರ: ಅಕ್ಕಾರ, ಅದಕ್ಕ ಅಲ್ಲಿ ‘ಲೂ’ ಅಂತಾರ. ಏಪ್ರಿಲ್‌ದಿಂದ ಜೂನ್ ತನಕ ರಾಜಸ್ಥಾನದ ಮರಳುಗಾಡು ದಾಟಿ ಬರೋ ಒಣ ಗಾಳಿ ಅದು, ಹಸಿ ಅನ್ನೋದ ಇರಂಗಿಲ್ಲ, ಕೆಲವು ದಿನ 45 ಡಿಗ್ರಿನೂ ದಾಟತೈತಿ. ನಮ್ಮ ಕಪ್ಪತಗುಡ್ಡದ ಮ್ಯಾಲಿನ ಕರೆಂಟ್ ಮಾಡೋ ಫ್ಯಾನ್ ತಿರುಗ್ಸೋ ಗಾಳಿನೂ ಪಶ್ಚಿಮದ್ದ, ಆದ್ರ ಅದು ಅರಬ್ಬಿ ಸಮುದ್ರದ ಕಡಿಂದ ಬರತೈತಿ ನೋಡ್ರಿ, ಹಂಗಾಗಿ ಸಂಜಿಗೆ ತಂಪು. ಅಲ್ಲಿ ಸಂಜಿಗೆ ಬರೋದು ‘ಆಂಧಿ’, ಬರೇ ಧೂಳು, ಒಣಾಕ ಹಾಕಿದ ಅರಿಬಿ ಮತ್ತ ಒಗೀಬೇಕು! ಮಟಮಟ ಮಧ್ಯಾಹ್ನ ತಿರಗಬ್ಯಾಡ ಅನ್ರಿ ಮಗಗ, ಮಜ್ಜಿಗಿ ಇಲ್ಲಾ ಅಲ್ಲಿ ಮಂದಿ ಮಾವಿನಕಾಯಿ ಬೇಯಿಸಿ ಮಾಡೋ ಪನ್ನಾ ಕುಡೀಲಿ. ತಲಿ ತಿರುಗಿ ಮೈ ಕೆಂಡ ಆತಂದ್ರ ಮಾತ್ರ ಸೀದಾ ದವಾಖಾನಿಗೆ.