ಓದುಗರ ಪ್ರಶ್ನೆ: ಟಿಲ್ಲರ್ ಬೆಲ್ಟ್ ಪದೇ ಪದೇ ಯಾಕೆ ಹರಿಯುತ್ತೆ?

ಪ್ರಶ್ನೆ: ಸರ್, ತೊಗರಿ ಸಾಲಿನ ನಡುವೆ ಎಡೆ ಹೊಡೆಯೋಕೆ ಸಣ್ಣ ಪೆಟ್ರೋಲ್ ಟಿಲ್ಲರ್ ತಗೊಂಡಿದ್ದೇನೆ. ಈ ಮುಂಗಾರಿನಲ್ಲೇ ಎರಡು ಸಲ ಬೆಲ್ಟ್ ಹೋಯಿತು. ಅಂಗಡಿಯವರು ದುಬಾರಿ ಬೆಲ್ಟ್ ಹಾಕಿಸಿ ಅಂತಾರೆ. ಹಾಕಿಸಲಾ?
– ಓದುಗರು, ಆಳಂದ

ಉತ್ತರ: ದುಬಾರಿ ಬೆಲ್ಟ್ ಬೇಡ ಅನ್ನಲ್ಲ. ಆದರೆ ಒಂದೇ ಹಂಗಾಮಿಗೆ ಎರಡು ಹೋಗಿವೆ ಅಂದರೆ ತಪ್ಪು ಬೆಲ್ಟಿನದ್ದಲ್ಲ, ಬೇರೆಲ್ಲೋ ಇದೆ. ಹಳೇ ಬೆಲ್ಟ್ ಎಸೆದಿಲ್ಲ ಅಲ್ವಾ? ಅದನ್ನು ಬಿಸಿಲಿಗೆ ಹಿಡಿದು ನೋಡಿ. ಎರಡೂ ಪಕ್ಕ ಸುಟ್ಟಂತೆ ಹೊಳಪು ಬಂದಿದ್ದರೆ ಬೆಲ್ಟ್ ಜಾರಿದೆ, ಅಂದರೆ ಸಡಿಲ ಇತ್ತು ಇಲ್ಲವೇ ಲೋಡ್ ಜಾಸ್ತಿ ಆಗಿತ್ತು. ಒಂದೇ ಪಕ್ಕ ಸವೆದು ದಾರ ಎದ್ದಿದ್ದರೆ ಪುಲ್ಲಿಗಳು, ಅಂದರೆ ಬೆಲ್ಟ್ ಓಡುವ ಚಕ್ರಗಳು, ಒಂದೇ ನೇರದಲ್ಲಿಲ್ಲ. ಮೆತ್ತಗಾಗಿ ಉಬ್ಬಿದ್ದರೆ ಎಣ್ಣೆ ಕುಡಿದಿದೆ, ಮೊದಲು ಆಯಿಲ್ ಸೀಲ್ (ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಸೋರುತ್ತಿದೆಯಾ ನೋಡಿಸಿ.

ನಿಮ್ಮ ಕಡೆಯ ಎರೆ ಭೂಮಿ ನೋಡಿದರೆ ನನ್ನ ಅನುಮಾನ ಲೋಡ್ ಮೇಲೇ. ಮಳೆ ನಿಂತ ಮರುದಿನವೇ, ಕಳೆ ಏರುತ್ತಿದೆ ಅಂತ ಟಿಲ್ಲರ್ ಇಳಿಸಿದರೆ ಕರಿ ಮಣ್ಣು ಬ್ಲೇಡಿನ ನಡುವೆ ನಾದಿದ ರೊಟ್ಟಿ ಹಿಟ್ಟಿನಂತೆ ಮೆತ್ತಿಕೊಂಡು, ಬ್ಲೇಡ್ ತಿರುಗದೆ ಇಂಜಿನ್ ಮಾತ್ರ ತಿರುಗಿ, ನಡುವೆ ಸಿಕ್ಕ ಬೆಲ್ಟ್ ಸುಡುತ್ತೆ. ರಬ್ಬರ್ ಸುಟ್ಟ ವಾಸನೆ ಬಂದಿರಬೇಕು ನಿಮಗೆ. ಒಂದು ಹಿಡಿ ಮಣ್ಣು ತಗೊಂಡು ಮುಷ್ಟಿ ಬಿಗಿಮಾಡಿ. ಉಂಡೆ ಮೆಲ್ಲಗೆ ಒತ್ತಿದರೆ ಒಡೆಯಬೇಕು. ಅಂಗೈಗೆ ಅಂಟಿದರೆ ಇನ್ನೂ ಹದ ಬಂದಿಲ್ಲ, ಕಾಯಿರಿ. ಕ್ಲಚ್ ಲಿವರನ್ನು ಅರ್ಧ ಹಿಡಿದು ಓಡಿಸುವ ಚಾಳಿ ಇದ್ದರೆ ಅದನ್ನೂ ಬಿಡಿ.

ಇನ್ನು ಪುಲ್ಲಿ. ಇದನ್ನು ಯಾರೂ ನೋಡಲ್ಲ. ವಿ-ಬೆಲ್ಟ್ ಹಿಡಿಯುವುದು ಪಕ್ಕಗಳಿಂದ, ತಳದಿಂದಲ್ಲ. ಹೊಸ ಬೆಲ್ಟ್ ಕೂರಿಸಿದಾಗ ಅದರ ಬೆನ್ನು ಪುಲ್ಲಿಯ ಅಂಚಿಗೆ ಹೆಚ್ಚುಕಡಿಮೆ ಸಮ ಇರಬೇಕು. ಒಳಗೆ ಇಳಿದು ಕೂತರೆ, ಪುಲ್ಲಿಯ ತೋಡಿನ ತಳ ಉಜ್ಜಿ ಫಳಫಳ ಅನ್ನುತ್ತಿದ್ದರೆ, ಪುಲ್ಲಿ ಸವೆದಿದೆ ಅಥವಾ ತಪ್ಪು ಸೈಜಿನ ಬೆಲ್ಟ್ ಬಂದಿದೆ. ಹಾಗಿದ್ದಾಗ ಎಷ್ಟು ದುಡ್ಡಿನ ಬೆಲ್ಟ್ ಹಾಕಿದರೂ ಅಷ್ಟೇ.

ಸೈಜು ಬೆಲ್ಟಿನ ಬೆನ್ನ ಮೇಲೆ ಇರುತ್ತೆ. ಬಿ-45 ಅಂದರೆ ಬಿ ಸೆಕ್ಷನ್, ಒಳ ಅಳತೆ 45 ಇಂಚು. ಅಕ್ಷರ ಅಳಿಸಿದ್ದರೆ ಮೇಲಿನ ಅಗಲ ಅಳೆಯಿರಿ: 13 ಮಿ.ಮೀ. ಇದ್ದರೆ ಎ, 17 ಇದ್ದರೆ ಬಿ. ಉದ್ದಕ್ಕೆ ಮಾತ್ರ ಹಳೇ ಬೆಲ್ಟ್ ನಂಬಬೇಡಿ, ಅದು ಹಿಗ್ಗಿರುತ್ತೆ. ಯಂತ್ರದ ಜೊತೆ ಬಂದ ಪುಸ್ತಕ ನೋಡಿ.

ಬದಲಿಸುವುದು ಮನೆಯಲ್ಲೇ ಆಗುತ್ತೆ. ಇಂಜಿನ್ ತಣ್ಣಗಾಗಲಿ, ಪ್ಲಗ್ ವೈರ್ ಕಿತ್ತಿಡಿ. ಇದನ್ನು ಸುಮ್ನೆ ಹೇಳ್ತಿಲ್ಲ, ಪುಲ್ಲಿ ಕೈಯಿಂದ ತಿರುಗಿಸುವಾಗ ಇಂಜಿನ್ ಚಾಲೂ ಆದರೆ ಬೆರಳು ಹೋಗುತ್ತೆ. ಗಾರ್ಡ್ ಬಿಚ್ಚಿದ ಕೂಡಲೇ ಮೊಬೈಲಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಆಮೇಲೆ ಬೆಲ್ಟ್ ಯಾವ ಕಡೆಯಿಂದ ಬಂದಿತ್ತು ಅಂತ ತಲೆ ಕೆರೆದುಕೊಳ್ಳೋದು ತಪ್ಪುತ್ತೆ. ಇಂಜಿನ್ ಕೂರಿಸಿದ ಬೋಲ್ಟ್‌ಗಳನ್ನು ಸಡಿಲಿಸಿ ಇಂಜಿನ್ ಒಳಕ್ಕೆ ತಳ್ಳಿ, ಬೆಲ್ಟನ್ನು ಕೈಯಲ್ಲೇ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಒಳಗಿನ ದಾರ ತುಂಡಾಗುತ್ತೆ, ಹೊರಗೆ ಕಾಣೋದೇ ಇಲ್ಲ. ಹೊಸದನ್ನು ಹಾಕಿ, ಎರಡೂ ಪುಲ್ಲಿಗಳ ಮುಖಕ್ಕೆ ಒಂದು ದಾರ ಎಳೆದು ನೇರ ನೋಡಿ, ಬೋಲ್ಟ್ ಬಿಗಿಮಾಡಿ. ಲಿವರ್ ಹಿಡಿದಾಗ ಬೆಲ್ಟಿನ ನಡುಭಾಗ ಹೆಬ್ಬೆರಳಿಗೆ ಸುಮಾರು ಅರ್ಧ ಇಂಚು ಬಗ್ಗಬೇಕು, ಲಿವರ್ ಬಿಟ್ಟಾಗ ಬ್ಲೇಡ್ ನಿಲ್ಲಬೇಕು. ನಿಲ್ಲದಿದ್ದರೆ ಬಿಗಿ ಜಾಸ್ತಿಯಾಗಿದೆ. ಗಾರ್ಡ್ ಹಾಕದೆ ಹೊಲಕ್ಕೆ ಇಳಿಯಬೇಡಿ. ಒಂದೆರಡು ತಾಸು ಓಡಿದ ಮೇಲೆ ಬಿಗಿ ಇನ್ನೊಮ್ಮೆ ನೋಡಿ, ಹೊಸ ಬೆಲ್ಟ್ ಸ್ವಲ್ಪ ಹಿಗ್ಗೇ ಹಿಗ್ಗುತ್ತೆ.

ಪ್ರಶ್ನೆ: ನಮ್ಮ ಡೀಸೆಲ್ ಟಿಲ್ಲರಿಗೆ ಎರಡು ಬೆಲ್ಟ್. ಒಂದು ಹರಿದಿದೆ, ಇನ್ನೊಂದು ಚೆನ್ನಾಗಿದೆ. ಒಂದೇ ತಂದರೆ ಸಾಕಲ್ವಾ?
– ಶಹಾಪುರ

ಉತ್ತರ: ಸಾಕಾಗಲ್ಲ ರೀ. ಹಳೇದು ಹಿಗ್ಗಿ ಸಡಿಲಾಗಿರುತ್ತೆ, ಪೂರ್ತಿ ಭಾರ ಹೊಸದರ ಮೇಲೆ ಬಿದ್ದು ಅದೂ ಬೇಗ ಹೋಗುತ್ತೆ. ಒಂದೇ ಕಂಪನಿಯ, ಒಂದೇ ಸೈಜಿನ ಜೋಡಿ ತನ್ನಿ. ಚೆನ್ನಾಗಿರುವ ಹಳೇದನ್ನು ಟೂಲ್ ಬಾಕ್ಸಲ್ಲಿಡಿ, ಹೊಲದಲ್ಲಿ ಅಡಚಣೆಯಾದಾಗ ಮನೆ ಮುಟ್ಟೋಕೆ ಬರುತ್ತೆ.

ಪ್ರಶ್ನೆ: ಶುಂಠಿ ಹೊಲದ ಕೆಲಸ ಮುಗಿದ ಮೇಲೆ ತಿಂಗಳುಗಟ್ಟಲೆ ವೀಡರ್ ಮೂಲೆಯಲ್ಲಿರುತ್ತೆ. ಮತ್ತೆ ಹೊರಗೆ ತೆಗೆದಾಗ ಚಾಲೂ ಆಗಲ್ಲ. ನಮ್ಮದಕ್ಕೆ ಬೆಲ್ಟೇ ಇಲ್ಲ, ಗೇರ್ ಮಾತ್ರ.
– ಭಾಲ್ಕಿ

ಉತ್ತರ: ಬೆಲ್ಟ್ ಇಲ್ಲದಿದ್ದರೆ ಒಂದು ತಲೆನೋವು ಕಡಿಮೆ, ಆದರೆ ಗೇರ್ ಬಾಕ್ಸ್ ಎಣ್ಣೆ ಮರೀಬೇಡಿ. ಚಾಲೂ ಆಗದಿರೋದಕ್ಕೆ ಬಹುತೇಕ ಹಳೇ ಪೆಟ್ರೋಲೇ ಕಾರಣ. ಎಥೆನಾಲ್ ಬೆರೆತ ಪೆಟ್ರೋಲ್ ನೀರು ಎಳೆದುಕೊಂಡು ಕಾರ್ಬ್ಯುರೇಟರಿನಲ್ಲಿ ಕಸ ಕಟ್ಟುತ್ತೆ. ಒಂದು ತಿಂಗಳಿಗಿಂತ ಜಾಸ್ತಿ ನಿಲ್ಲಿಸುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನ ತಳದ ಸ್ಕ್ರೂ ಬಿಚ್ಚಿ ಉಳಿದದ್ದನ್ನೂ ಇಳಿಸಿ. ಇಂಜಿನ್ ಆಯಿಲ್ ಹೊಸದಾದಾಗ ಮೊದಲ 20 ತಾಸಿಗೆ, ಆಮೇಲೆ ಪುಸ್ತಕದಲ್ಲಿರುವ ಲೆಕ್ಕಕ್ಕೆ ಬದಲಿಸಿ. ಏರ್ ಫಿಲ್ಟರ್ ಸ್ಪಂಜಿನದ್ದಾದರೆ ಸೋಪು ನೀರಲ್ಲಿ ತೊಳೆದು ಒಣಗಿಸಿ, ಎರಡು ಹನಿ ಆಯಿಲ್ ಹಾಕಿ ಹಿಂಡಿ. ಕಾಗದದ್ದಾದರೆ ತೊಳೆಯಲೇಬಾರದು, ಮೆಲ್ಲಗೆ ತಟ್ಟಿ ಧೂಳು ಉದುರಿಸಿ. ಒಳಗಿಡುವ ಮೊದಲು ಬ್ಲೇಡ್ ಶಾಫ್ಟಿಗೆ ಸುತ್ತಿದ ಹುಲ್ಲು, ಡ್ರಿಪ್ ಪೈಪಿನ ಚೂರು ಎಲ್ಲ ಕುಯ್ದು ತೆಗೆಯಿರಿ. ಅವು ಒಳಗೆ ಸರಿದು ಸೀಲ್ ತಿನ್ನುತ್ತವೆ, ಆಮೇಲೆ ಗೇರ್ ಆಯಿಲ್ ಸೋರತೊಡಗುತ್ತೆ.